ಮಡಿಗಂಟಿನೊಳಗಿನ ಲಕೋಟೆ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಒಂದು ಸಣ್ಣ ಪಿಂಗಾಣಿ ಬಟ್ಟಲು ಇದೆ. ಅದರಲ್ಲಿ ಯಾವಾಗಲೂ ಎರಡು ಚಮಚ ನೀರಿರುತ್ತದೆ. ಲಕೋಟೆ ಅಂಟಿಸಬೇಕಾದಾಗ ನಾನು ಬೆರಳನ್ನು ಅದರಲ್ಲಿ ಅದ್ದಿ ಅಂಟಿನ ಮೇಲೆ ಎಳೆಯುತ್ತೇನೆ. ಉಳಿದವರೆಲ್ಲ ನಾಲಿಗೆಯಿಂದಲೇ ಕೆಲಸ ಮುಗಿಸುತ್ತಾರೆ. ಹೊಸದಾಗಿ ಬಂದ ಗಣಿತದ ಅಧ್ಯಾಪಕಿಯೊಬ್ಬರು ಬಟ್ಟಲನ್ನು ನೋಡಿ, ಗುಬ್ಬಚ್ಚಿಗೆ ಇಟ್ಟಿದ್ದೀರೇನು ಎಂದು ಕೇಳಿದರು. ಹೌದು ಎಂದುಬಿಟ್ಟೆ. ನಿಜ ಹೇಳಲು ಹೊರಟರೆ ಶ್ರೀರಂಗಪಟ್ಟಣದಿಂದ ಶುರುಮಾಡಬೇಕು, ಬೆಲ್ಲಿಗೆ ಐದೇ ನಿಮಿಷ ಉಳಿದಿತ್ತು. ನಿಮಗೆ ಅಷ್ಟು ಅವಸರವಿಲ್ಲ ಎಂದುಕೊಂಡಿದ್ದೇನೆ.

ಮೈಸೂರಿನವರಾದ ನಮಗೆ ಶ್ರೀರಂಗಪಟ್ಟಣ ಪ್ರವಾಸದ ಸ್ಥಳವೇ ಅಲ್ಲ. ನೆಂಟರು ಬಂದರೆ ತೋರಿಸುವ, ಗ್ರಹಣ ಬಂದರೆ ಮುಳುಗಿ ಬರುವ, ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಸ್ಥಿ ಒಯ್ಯುವ ಊರು ಅದು. ‘ಪಟ್ಣಕ್ಕೆ ಹೋಗಿದ್ವಿ’ ಎಂದರೆ ಯಾವ ಪಟ್ಣ ಎಂದು ಯಾರೂ ಕೇಳುವುದಿಲ್ಲ. ಅದು ದ್ವೀಪ ಎಂಬುದು ನನಗೆ ಗೊತ್ತಾದದ್ದು ಮಿಡ್ಲ್‌ಸ್ಕೂಲಿನ ಭೂಗೋಳದ ಪುಸ್ತಕದಿಂದ. ದ್ವೀಪವೆಂದರೆ ನೀರಿನ ಮೇಲೆ ತೇಲುತ್ತಿರಬೇಕೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಮುಂದಿನ ಸಲ ಅಪ್ಪನ ಜೊತೆ ಹೋದಾಗ ದೇವಸ್ಥಾನದ ಮುಂದೆ ನಿಂತು, ನೆಲ ಅಲುಗುತ್ತದೆಯೇ ಎಂದು ಎರಡು ಕಾಲೂ ಎತ್ತಿ ಕುಣಿದೆ. ‘ಏನಮ್ಮಾ, ಇರುವೆ ಕಚ್ಚಿತೇ?’ ಎಂದು ಅಪ್ಪ ಕೇಳಿದರು. ಹೌದು ಎಂದೆ. ಅಪ್ಪ ಬಗ್ಗಿ, ಇಲ್ಲದ ಇರುವೆಯನ್ನು ನನ್ನ ಪಾದದಿಂದ ಕೊಡವಿದರು. ಮನಸ್ಸಿನಲ್ಲಿ ಇರುವುದನ್ನು ಹೇಳುವುದಕ್ಕಿಂತ, ಎದುರಿನವರು ಊಹಿಸಿದ್ದಕ್ಕೆ ಹೌದೆಂದುಬಿಡುವುದು ಸುಲಭ ಎಂಬ ಪಾಠವನ್ನು ನಾನು ಆ ಕಲ್ಲುಚಪ್ಪಡಿಯ ಮೇಲೆ ಕಲಿತೆನೆಂದು ಕಾಣುತ್ತದೆ. ಚೆನ್ನಾಗಿಯೇ ಕಲಿತೆ.

ಎಂ.ಎ. ಚರಿತ್ರೆಯ ತರಗತಿಯಲ್ಲಿ ಹೆಂಗಸರೆಂದರೆ ನಾವಿಬ್ಬರೇ. ನಾನು, ಮತ್ತು ಇಲವಾಲದ ದೇವೀರಮ್ಮ. ಅವಳದು ರಾಗಿ ಬೆಳೆಯುವ ಮನೆ. ಮೊದಲ ಆರು ತಿಂಗಳು ನಾನು ಅವಳೊಡನೆ ಪಾಠದ ಟಿಪ್ಪಣಿಗಳ ವಿಷಯ ಬಿಟ್ಟು ಬೇರೇನೂ ಮಾತನಾಡಲಿಲ್ಲ. ಅವಳಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ, ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸಿದಳು. ಯಾವಾಗಿನಿಂದ ಅವಳು ನನ್ನನ್ನು ಕೇಳದೆ ನನ್ನ ಚೀಲಕ್ಕೆ ಕೈಹಾಕಿ ಬಾಚಣಿಗೆ, ಪೆನ್ನು, ಒಮ್ಮೊಮ್ಮೆ ನನ್ನ ತಿಂಡಿಯ ಡಬ್ಬಿಯನ್ನೂ ತೆಗೆದುಕೊಳ್ಳತೊಡಗಿದಳೋ ನನಗೆ ತಿಳಿಯದು. ತರಗತಿಯಲ್ಲಿ ಅವಳು ಆಡುತ್ತಿದ್ದುದು ಅಚ್ಚು ಹಾಕಿದಂಥ ಕನ್ನಡ. ಕೋಪ ಬಂದರೆ, ಇಲ್ಲವೆ ತುಂಬ ಸಂತೋಷವಾದರೆ ಮಾತ್ರ ಇಲವಾಲ ಹೊರಗೆ ಬರುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಸಂಶೋಧನೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದೆವು. ಚರಿತ್ರೆಗೆ ಇದ್ದದ್ದು ಒಂದೇ. ನನಗೆ ಅದು ಬಾರದಿದ್ದರೆ ಮನೆಯಲ್ಲೇ ಕೂತು ಓದಬಹುದಿತ್ತು, ಅಪ್ಪ ಬೇಡವೆನ್ನುತ್ತಿರಲಿಲ್ಲ. ಅವಳಿಗೆ ಬಾರದಿದ್ದರೆ ಹುಣಸೂರಿನ ಕಡೆ ಯಾವುದಾದರೂ ಶಾಲೆಯಲ್ಲಿ ಕೆಲಸ ಹಿಡಿಯಬೇಕು, ಇಲ್ಲವೆ ಮಾಘದೊಳಗೆ ಮದುವೆಯಾಗಬೇಕು. ‘ಯಾರಿಗೆ ಬಂದರೂ ಅವಳೇ ಮೊದಲು ಇನ್ನೊಬ್ಬಳಿಗೆ ಹೇಳಬೇಕು. ಬೇರೆಯವರ ಬಾಯಿಂದ ಕೇಳೋ ಹಾಗೆ ಆಗಬಾರದು’ ಎಂದು ಅವಳು ಹೇಳಿದಳು. ನಾನು ತಲೆಯಾಡಿಸಿದೆ.

ಕಾಗದ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ, ನನ್ನ ಹೆಸರಿಗೆ. ಮಾರನೆಯ ಬೆಳಿಗ್ಗೆ ನಾವಿಬ್ಬರೂ ಪದ್ದತ್ತೆಯ ಜೊತೆ ಶ್ರೀರಂಗಪಟ್ಟಣಕ್ಕೆ ಹೊರಡುವುದೆಂದು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಪದ್ದತ್ತೆ ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇದ್ದವರು. ಅವರಿಗೆ ತುಲಾಮಾಸದ ಕಾವೇರಿಸ್ನಾನ ಆಗಬೇಕಿತ್ತು. ನಮಗೆ ಕೋಟೆಯನ್ನೆಲ್ಲ ಎರಡು ದಿನ ಸುತ್ತಿ ನೋಡಬೇಕಿತ್ತು. ಹುಡುಗಿಯರಿಬ್ಬರೇ ರಾತ್ರಿ ಪರವೂರಿನಲ್ಲಿ ಉಳಿಯುವುದೆಂದರೆ ಆಗ ಯಾರೂ ಒಪ್ಪುತ್ತಿರಲಿಲ್ಲ, ಆದ್ದರಿಂದ ಅತ್ತೆಯ ಪುಣ್ಯಕ್ಕೆ ನಾವೂ ಅಂಟಿಕೊಂಡೆವು.

ಕಾಗದವನ್ನು ಮನೆಯಲ್ಲಿ ಬಿಡುವಂತಿರಲಿಲ್ಲ. ಅಪ್ಪ ಕನ್ನಡಕ ಹುಡುಕುತ್ತ ಎಲ್ಲ ಪುಸ್ತಕಗಳನ್ನೂ ಎತ್ತಿ ನೋಡುವವರು. ಚೀಲದಲ್ಲಿ ಇಟ್ಟುಕೊಂಡೆ. ದಾರಿಯಲ್ಲೇ ಹೇಳಿಬಿಡೋಣವೆಂದುಕೊಂಡೆ. ರೈಲು ನಾಗನಹಳ್ಳಿ ದಾಟುವುದರೊಳಗೆ ಹೇಳಬೇಕೆಂದಿದ್ದೆ, ದಾಟಿತು. ಸೇತುವೆಯ ಮೇಲೆ ಹೇಳೋಣವೆಂದೆ. ಸೇತುವೆಯ ಸದ್ದಿನಲ್ಲಿ ಹೇಳುವಂಥ ಮಾತೇ ಅದು?

‘ಏನೇ ಅದು, ಚೀಲವನ್ನು ಕೂಸಿನ ಹಾಗೆ ಅವಚಿಕೊಂಡಿದ್ದೀಯ? ಒಡವೆ ಇಟ್ಟಿದ್ದೀಯಾ?’ ಎಂದು ದೇವಿ ಕೇಳಿದಳು.

‘ಇಲ್ಲ, ಚೀಲದ ಹಿಡಿ ಸಡಿಲವಾಗಿದೆ’ ಎಂದೆ.

‘ತಾ ಇಲ್ಲಿ, ಬಾಚಣಿಗೆ ಬೇಕು.’

‘ನಾನೇ ತೆಗೆದುಕೊಡುತ್ತೇನೆ.’

ಎರಡು ವರ್ಷದಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವಳು ನನ್ನ ಮುಖವನ್ನೊಮ್ಮೆ ನೋಡಿ ಬಾಚಣಿಗೆ ತೆಗೆದುಕೊಂಡಳು.

ನದಿಯ ಹತ್ತಿರದ ಛತ್ರದಲ್ಲಿ ನಮಗೊಂದು ಕೋಣೆ ಸಿಕ್ಕಿತು. ಅಲ್ಲಿ ಕಪಾಟಿಲ್ಲ, ಪೆಟ್ಟಿಗೆಯಿಲ್ಲ. ಗೋಡೆಯಲ್ಲಿ ಮೂರು ಮೊಳೆ ಮಾತ್ರ. ಒಂದು ಮೊಳೆಗೆ ಪದ್ದತ್ತೆ ತಮ್ಮ ಮಡಿಗಂಟನ್ನು ನೇತುಹಾಕಿದರು. ಪ್ರಯಾಣದಲ್ಲಿ ಹತ್ತಿಯ ಸೀರೆಯ ಮಡಿ ಉಳಿಯುವುದಿಲ್ಲ, ರೇಷ್ಮೆಗೆ ಆ ದೋಷವಿಲ್ಲ. ಆದ್ದರಿಂದ ಸ್ನಾನವಾದ ಮೇಲೆ ಉಡಲು ಹಳೆಯ ಪಟ್ಟೆಸೀರೆಯೊಂದನ್ನು ಉಣ್ಣೆಯ ಧಾಬಳಿಯಲ್ಲಿ ಸುತ್ತಿ ತಂದಿದ್ದರು. ರೇಷ್ಮೆಗೆ ದೋಷವಿಲ್ಲದಿದ್ದರೂ ಅತ್ತೆಗೆ ನಂಬಿಕೆ ಸಾಲದು. ‘ಯಾರೂ ಮುಟ್ಟಬೇಡಿ ಕಣ್ರಮ್ಮ’ ಎಂದು ಎರಡು ಸಲ ಹೇಳಿ ಒಲೆ ಹೂಡಲು ಹೋದರು. ದೇವಿ ಕೊಡ ತೆಗೆದುಕೊಂಡು ನೀರಿಗೆ ಹೋದಳು. ಅವಳು ಬಂದವಳೇ ನನ್ನ ಚೀಲದಿಂದ ಪೆನ್ಸಿಲು ತೆಗೆಯುತ್ತಾಳೆಂದು ನನಗೆ ಗೊತ್ತಿತ್ತು. ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿದೆ. ಆಮೇಲೆ ಛತ್ರಿಯ ತುದಿಯಿಂದ ಧಾಬಳಿಯ ಮಡಿಕೆಯನ್ನು ಎತ್ತಿ, ಲಕೋಟೆಯನ್ನು ಒಳಕ್ಕೆ ಜಾರಿಸಿದೆ. ಕೈಯಿಂದ ಮುಟ್ಟಲಿಲ್ಲ. ಅಷ್ಟರ ಮಟ್ಟಿಗೆ ಧರ್ಮಕ್ಕೆ ಲೋಪ ತರಲಿಲ್ಲ. ಕಾಲೇಜಿನ ಪತ್ರಿಕೆಯಲ್ಲಿ ಮಡಿಮೈಲಿಗೆಯನ್ನು ಖಂಡಿಸಿ ಬಹುಮಾನ ಪಡೆದ ಪ್ರಬಂಧ ನನ್ನದೇ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಶನಿವಾರದ ಉಳಿದ ಭಾಗವನ್ನೆಲ್ಲ ನಾನು ಕಾಲಿನಿಂದಲೇ ನೋಡಿದೆ. ಕಣ್ಣಿಗೆ ಏನೂ ನಿಲ್ಲಲಿಲ್ಲ. ನೀರಬಾಗಿಲು, ನೆಲಮಾಳಿಗೆಯ ಸೆರೆಮನೆ, ಮಸೀದಿಯ ಮೀನಾರುಗಳು, ಕೋಟೆಯ ಮೇಲೆ ಹುಲ್ಲು ಮೇಯುತ್ತಿದ್ದ ಕತ್ತೆಗಳು. ಒಂದು ಕಡೆ ನಿಂತರೆ ದೇವಿ ಏನಾದರೂ ಕೇಳುತ್ತಾಳೆಂಬ ಭಯಕ್ಕೆ ನಾನೇ ಎಡೆಬಿಡದೆ ವಿವರಿಸುತ್ತ ಹೋದೆ. ಗೋಡೆಯ ದಪ್ಪವೆಷ್ಟು, ಕಂದಕ ಯಾವ ಕಡೆಗೆ ತಿರುಗುತ್ತದೆ, ಮುತ್ತಿಗೆಯ ದಿನ ನೀರು ಎಷ್ಟಿತ್ತು. ನಾನು ಇಷ್ಟು ಮಾತನಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

‘ಸಾಕು ಬುಡೇ, ಗೋಡೆಗೂ ಸುಸ್ತಾಯ್ತು’ ಎಂದು ನಕ್ಕಳು.

ಭಾನುವಾರ ಅತ್ತೆಗಿಂತ ಮೊದಲೇ ಎದ್ದು ಕಾಗದ ತೆಗೆದುಬಿಡಬೇಕೆಂದು ಲೆಕ್ಕ ಹಾಕಿ ಮಲಗಿದ್ದೆ. ಅಷ್ಟು ನಡೆದದ್ದರ ಫಲ, ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು. ಮೊಳೆಯ ಮೇಲೆ ಗಂಟಿಲ್ಲ. ಅತ್ತೆಯಿಲ್ಲ, ದೇವಿಯೂ ಇಲ್ಲ. ಸೆರಗು ಸರಿಮಾಡಿಕೊಳ್ಳುತ್ತ ನದಿಯ ಕಡೆ ಓಡಿದೆ. ಮೆಟ್ಟಿಲಿನ ಮೇಲ್ತುದಿಗೆ ಬರುವಷ್ಟರಲ್ಲಿ ಕೆಳಗೆ ಎಲ್ಲವೂ ನಡೆಯುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಪದ್ದತ್ತೆ ಒದ್ದೆ ಸೀರೆಯಲ್ಲಿ, ಎರಡು ಕೈಗಳನ್ನೂ ಮೈಯಿಂದ ದೂರ ಹಿಡಿದು ನಿಂತಿದ್ದರು. ಮುಂದೆ ಮೆಟ್ಟಿಲಿನ ಮೇಲೆ ಗಂಟು ಬಿಚ್ಚಿತ್ತು. ಪಟ್ಟೆಸೀರೆಯ ನಡುವೆ ನನ್ನ ಉದ್ದನೆಯ ಬಿಳಿಯ ಲಕೋಟೆ ಮಲಗಿತ್ತು.

‘ನಾನು ಮುಟ್ಟಲಾರೆ ಕಣೇ ದೇವಿ! ಲಕೋಟೆ ಅದು. ಯಾವನು ನಾಲಿಗೆ ಹಚ್ಚಿ ಅಂಟಿಸಿದಾನೋ! ಅಯ್ಯೋ ಕರ್ಮವೇ, ನನ್ನ ಮಡಿಸೀರೆ ಒಳಗೆ ಆಫೀಸಿನವರ ಎಂಜಲು!’

‘ತೆಗೀತೀನಿ ಇರಿ ಅಮ್ಮಾ.’

‘ಸೀರೆ ಮುಟ್ಟೀಯೆ ಮತ್ತೆ. ಕಾಗದ ಮಾತ್ರ.’

ದೇವಿ ಬಗ್ಗಿ, ಮುಳ್ಳಿನ ನಡುವಿನಿಂದ ಹೂ ಕೀಳುವವಳಂತೆ ಎರಡೇ ಬೆರಳಿನಲ್ಲಿ ಲಕೋಟೆಯನ್ನು ಎತ್ತಿದಳು. ಹೆಸರು ನೋಡಿದಳು.

‘ಏನಂತೆ ಅದರಲ್ಲಿ? ಓದು.’

‘ವಿಶಾಲೂದು ಅಮ್ಮಾ. ಅವಳ ಹೆಸರಿದೆ.’

‘ಯಾರದಾದರೇನು! ನನ್ನ ಗಂಟಿಗೆ ಬಂದು ಸೇರಿದೆ ಅಂದಮೇಲೆ ನಾನು ಕೇಳಬೇಕು. ಓದೇ.’

ಅವಳು ಕಾಗದ ತೆಗೆದು ಓದಿದಳು. ನಾನು ನಿಂತಲ್ಲಿಂದ ಅವಳ ಮುಖ ಪೂರ್ತಿ ಕಾಣುತ್ತಿರಲಿಲ್ಲ, ಕುತ್ತಿಗೆ ಮಾತ್ರ ಕಾಣುತ್ತಿತ್ತು. ಸಾಲು ಮುಗಿದಂತೆಲ್ಲ ಅದು ಸ್ವಲ್ಪ ಸ್ವಲ್ಪವೇ ಬಗ್ಗಿತು. ಕೊನೆಗೆ ತಲೆ ಎತ್ತಿದಳು.

‘ಲೈಬ್ರರಿಯದು ಅಮ್ಮಾ. ಯಾವುದೋ ಪುಸ್ತಕ ವಾಪಸು ಕೊಟ್ಟಿಲ್ಲವಂತೆ. ಬೇಗ ಕೊಡಿ ಅಂತ ಬರೆದಿದ್ದಾರೆ.’

‘ಅಷ್ಟಕ್ಕೆ ಇಷ್ಟುದ್ದ ಬರೆದಿದಾರೆಯೇ?’

‘ಇಂಗ್ಲಿಷಿನಲ್ಲಿ ಹಾಗೇ ಅಮ್ಮಾ, ಉದ್ದ ಆಗುತ್ತೆ.’

ಅತ್ತೆ ಲೈಬ್ರರಿಗೂ ಇಂಗ್ಲಿಷಿಗೂ ಸೇರಿಸಿ ಒಂದು ಮಾತು ಅಂದು, ಸೀರೆಯನ್ನೂ ಧಾಬಳಿಯನ್ನೂ ಎತ್ತಿಕೊಂಡು ಮತ್ತೆ ನೀರಿಗಿಳಿದರು. ಸೀರೆ ಒಣಗುವವರೆಗೆ ಒದ್ದೆಯಲ್ಲೇ ಇರಬೇಕು, ತುಲಾಮಾಸದ ಬೆಳಗಿನ ಗಾಳಿ ಬೇರೆ. ದೇವಿ ಮೆಟ್ಟಿಲು ಹತ್ತಿ ಬಂದವಳು ನನ್ನ ಮುಂದೆ ನಿಂತು ಲಕೋಟೆ ಕೊಟ್ಟಳು. ‘ನಿಮ್ಮತ್ತೆಗೆ ನಡುಕ ಬಂದಿದೆ. ಒಲೆ ಹೊತ್ತಿಸು’ ಎಂದಳು. ಅಷ್ಟೇ.

ಅತ್ತೆ ಅಂದು ಛತ್ರದ ಬಿಸಿಲಿನಲ್ಲಿ ಸೀರೆಗೆ ಕಾವಲು ಕೂತರು. ನಾವು ಜಟಕಾ ಮಾಡಿಕೊಂಡು ಹೊರಟೆವು. ಅವಳು ಬರುವುದಿಲ್ಲವೆನ್ನಬಹುದು ಎಂದುಕೊಂಡಿದ್ದೆ, ಬಂದಳು. ಬಂದು ಜಟಕಾದ ಹಿಂದೆ ಕಾಲು ಇಳಿಬಿಟ್ಟು ಕೂತು ಗಂಜಾಮಿನ ಅಂಜೂರದ ತೋಟಗಳನ್ನು ನೋಡುತ್ತಿದ್ದಳು. ದರಿಯಾ ದೌಲತ್ತಿನಲ್ಲಿ ಗೋಡೆಯ ತುಂಬ ಬರೆದ ಯುದ್ಧದ ಚಿತ್ರವನ್ನು ನಾನು ಒಂದು ತುದಿಯಿಂದ ಇನ್ನೊಂದು ತುದಿಗೆ, ಸೈನ್ಯಕ್ಕಿಂತ ವೇಗವಾಗಿ ದಾಟಿದೆ. ಗುಂಬಜ್ಜಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಚಪ್ಪಲಿಗೆ ಬಿಸಿಲು ತಟ್ಟುವ ಮೊದಲೇ ಹೊರಗೆ ಬಂದೆ.

‘ಏನಮ್ಮಾ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾವ್ರಾ?’ ಎಂದು ಜಟಕಾದ ಸಾಬರು ಕೇಳಿದರು. ‘ಕುದುರೆಗೆ ಹುಲ್ಲು ಹಾಕೋದ್ರೊಳಗೆ ಬಂದ್ಬುಟ್ರಿ. ಸುಲ್ತಾನರು ಮಲಗಿರೋ ಜಾಗ, ಒಂದು ಗಳಿಗೆ ನಿಲ್ಲಬಾರದಾ?’

‘ಅವಳು ನೋಡೋದೇ ಹಂಗೆ ಸಾಬ್ರೇ’ ಎಂದಳು ದೇವಿ. ‘ನಿಂತ್ರೆ ಏನಾದ್ರೂ ಹೇಳ್ಬೇಕಾಯ್ತದಲ್ಲ, ಅದಕ್ಕೆ.’

‘ಹಂಗೆ’ ಎಂದಳು, ‘ಹಾಗೆ’ ಎನ್ನಲಿಲ್ಲ. ಇಲವಾಲ ಹೊರಗೆ ಬಂದಿತ್ತು.

ಸಂಗಮದಲ್ಲಿ ದ್ವೀಪ ಮುಗಿಯುತ್ತದೆ. ಅಲ್ಲಿಂದ ಮುಂದೆ ಓಡಲು ನೆಲವಿಲ್ಲ. ಎರಡು ಕವಲೂ ಕೆಂಪಾಗಿ ಬಂದು ಒಂದಾಗುವುದನ್ನು ನೋಡುತ್ತ ಕೆಳಗಿನ ಮೆಟ್ಟಿಲಿನಲ್ಲಿ ಕೂತೆವು. ನಾನು ಹಿಂದಿನ ದಿನದಿಂದ ಸಿದ್ಧಮಾಡಿಟ್ಟುಕೊಂಡಿದ್ದ ವಾಕ್ಯ ಒಂದಿತ್ತು. ಅದನ್ನು ಬಿಟ್ಟು ಬೇರೆಯದು ಬಂತು.

‘ದೇವಿ, ನಾನು ಬೇಡವೆಂದು ಬರೆದುಬಿಡುತ್ತೇನೆ.’

‘ಏನ? ಲೈಬ್ರರಿ ಪುಸ್ತಕಾನಾ?’

ನಾನು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡೆ.

‘ಯಾರ್ಗೋಸ್ಕರ ಬ್ಯಾಡ ಅಂತೀಯ? ನಂಗೋಸ್ಕರ ಆದ್ರೆ ಬುಟ್‌ಬುಡು. ನೀನು ಬುಟ್ಟಿದ್ದನ್ನ ನಾನು ಎತ್ಕೊಂಡು, ಜನ್ಮಪೂರ್ತಿ ನಿನ್ನ ಹಂಗಲ್ಲಿ ಇರಾಕಾಯ್ತದಾ?’

‘ಹಾಗಲ್ಲ. ನಿನಗೆ ಅದರ ಅಗತ್ಯ ಹೆಚ್ಚು.’

‘ಗೊತ್ತು ನಂಗೆ. ನಮ್ಮಪ್ಪ ದೀಪಾವಳಿ ಆದ್ಮೇಲೆ ಗಂಡು ನೋಡಾಕ್ ಶುರುಮಾಡ್ತಾನೆ, ಅದೂ ಗೊತ್ತು. ನಿಂಗೆ ಬಂತು ಅಂತ ಹೊಟ್ಟೆಕಿಚ್ಚಾಯ್ತು ಕಣೆ, ಇಲ್ಲ ಅನ್ನಾಕಿಲ್ಲ. ಆ ಮೆಟ್ಟಿಲ ಮೇಲೆ ನಿಂತ್ಕೊಂಡು ಓದ್ದಾಗ ಆಯ್ತು. ಅದು ಇಳೀತದೆ. ಆದ್ರೆ ಒಂದು ಹೇಳು. ಅಲ್ಲೇ ಯಾಕ್ ಇಟ್ಟೆ?’

‘ಎಲ್ಲಿ?’ ಎಂದೆ. ಎಲ್ಲಿ ಎಂಬುದು ನನಗೆ ಗೊತ್ತಿತ್ತು.

‘ನಿಮ್ಮತ್ತೆ ಮುಟ್ಬೇಡ ಅಂದ್ರೆ ನಂಗೆ ಏನೂ ಅನ್ನಿಸಾಕಿಲ್ಲ. ವಯಸ್ಸಾದೋರು. ನಿಂಗೂ ಅಂತಾರೆ, ನಂಗೂ ಅಂತಾರೆ. ಆದ್ರೆ ನೀನು? ದೇವಿ ಚೀಲಕ್ಕೆ ಕೈ ಹಾಕ್ತಾಳೆ, ಪುಸ್ತಕಕ್ಕೆ ಹಾಕ್ತಾಳೆ, ಎಲ್ಲಾ ಕಡೆ ಹಾಕ್ತಾಳೆ. ಅದೊಂದು ಗಂಟಿಗೆ ಮಾತ್ರ ಹಾಕಾಕಿಲ್ಲ. ಅಂಗಂತ ತಾನೆ ಅಲ್ಲಿಟ್ಟೆ? ನಾನು ಎಲ್ಲಿ ನಿಂತ್ಕೊಬೇಕು ಅನ್ನೋದು ನಿಂಗೂ ಚೆನ್ನಾಗಿ ಗೊತ್ತದೆ ಅಂತ ಆಯ್ತಲ್ಲಮ್ಮಿ.’

ಅಲ್ಲವೆನ್ನಲು ಬಾಯಿ ತೆರೆದೆ, ಆದರೆ ಅದು ಹೌದಾಗಿತ್ತು. ಗೋಡೆಯ ಮೂರು ಮೊಳೆಗಳ ನಡುವೆ ಸುತ್ತುಹಾಕುತ್ತಿದ್ದಾಗ ನನ್ನ ಬುದ್ಧಿ ಓಡಿದ್ದು ಹಾಗೆಯೇ. ಚರಿತ್ರೆಯಲ್ಲಿ ಎಂ.ಎ. ಮಾಡಿದ್ದರೂ ಕಾರಣಗಳನ್ನು ಬೇರೆಯವರ ಕೆಲಸಗಳಲ್ಲಿ ಮಾತ್ರ ಹುಡುಕಬೇಕೆಂದು ತಿಳಿದಿದ್ದೆ.

ಸಂಜೆಯ ರೈಲಿನಲ್ಲಿ ಅತ್ತೆ ಮೂಗು ಒರೆಸಿಕೊಳ್ಳುತ್ತ, ಒಣಗಿದ ಪಟ್ಟೆಸೀರೆಯಲ್ಲಿ ಸಮಾಧಾನವಾಗಿ ಕೂತಿದ್ದರು. ಗಂಟಿನೊಳಗೆ ಕಾಗದ ಹಾಕಿದ್ದು ನಾನೇ ಎಂದು ಅವರಿಗೆ ಹೇಳಿದೆ. ‘ಗೊತ್ತು, ಧಾಬಳಿಗೆ ಛತ್ರಿಯ ಕೆಸರು ಅಂಟಿತ್ತು’ ಎಂದರು. ‘ಕೈಯಲ್ಲೇ ಹಾಕಿದ್ದರೆ ಕೆಸರಾದರೂ ತಪ್ಪುತ್ತಿತ್ತು.’ ದೇವಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಗಲಿಲ್ಲ. ಮೈಸೂರು ಸ್ಟೇಷನ್ನಿನಲ್ಲಿ ಇಳಿದಾಗ ನನ್ನನ್ನು ಪಕ್ಕಕ್ಕೆ ಕರೆದಳು.

‘ನಾಳೆ ಒಪ್ಕೊಂಡು ಕಾಗದ ಬರಿ. ಬರೀದೆ ಹೋದ್ರೆ ನಾನು ನಿನ್ನ ಮನೆ ಹೊಸಲು ತುಳಿಯಾಕಿಲ್ಲ. ಬರ್ದ್ರೆ, ಕೋಪ ಇಳಿದ್ಮೇಲೆ ಬತ್ತೀನಿ. ಅಲ್ಲೀಗಂಟ ಕರೆಯಾಕ್ ಬರ್ಬೇಡ.’

‘ಯಾವಾಗ ಇಳಿಯುತ್ತದೆ?’

‘ನಂಗೇನ್ ಗೊತ್ತು? ಇದೇ ಮೊದಲು ಇಷ್ಟು ಬಂದಿರೋದು’ ಎಂದು ಹೇಳಿ ಬಸ್ಸಿನ ಕಡೆ ನಡೆದಳು.

ಸೋಮವಾರ ಬೆಳಿಗ್ಗೆ ಒಪ್ಪಿಗೆಯ ಕಾಗದ ಬರೆದೆ. ಲಕೋಟೆಯನ್ನು ಬಾಯಿಯ ಹತ್ತಿರ ತಂದವಳು ನಿಂತು, ಲೋಟದ ನೀರಿನಲ್ಲಿ ಬೆರಳು ಅದ್ದಿದೆ. ಅಂಚೆಗೆ ಹಾಕಿ ಬಂದೆ. ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ಕೂತದ್ದು ಕಡಿಮೆ. ಪುಸ್ತಕ ತೆರೆದರೆ ಗೇಟಿನ ಸದ್ದಾದಂತಾಗುತ್ತಿತ್ತು. ಸಂಜೆಯಾದರೆ ಹುಣಸೂರು ರಸ್ತೆಯ ಬಸ್ಸು ಬರುವ ಕಡೆ ನಡೆದುಹೋಗಿ, ಇಳಿಯುವವರನ್ನೆಲ್ಲ ನೋಡಿ ಹಿಂದಿರುಗುತ್ತಿದ್ದೆ. ಕರೆಯಲು ಬರಬೇಡ ಎಂದಿದ್ದಳೇ ಹೊರತು ಬಸ್ಸು ನೋಡಬೇಡ ಎಂದಿರಲಿಲ್ಲ. ಕಂಡಕ್ಟರೊಬ್ಬರು ಮೂರನೆಯ ದಿನ, ‘ಯಾರಮ್ಮಾ ಬರ್ಬೇಕು?’ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ದೀಪಾವಳಿ ಬಂದು ಹೋಯಿತು. ಗಂಡು ನೋಡಲು ಶುರುಮಾಡಿರುತ್ತಾರೆ ಎಂದುಕೊಂಡೆ. ಎದ್ದು ಅಂಗಳದಲ್ಲಿ ನಡೆದೆ. ಅಪ್ಪ ಎರಡು ಸಲ ನನ್ನ ಪಾದದ ಕಡೆ ನೋಡಿದರು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳು ಬಂದಳು. ಸೆರಗಿನಲ್ಲಿ ಹೊಲದ ಮೊದಲ ಅವರೆಕಾಯಿ ಇತ್ತು. ಅದನ್ನು ಪದ್ದತ್ತೆಯ ಮೊರಕ್ಕೆ ಸುರಿದಳು.

‘ಲೈಬ್ರರಿ ಪುಸ್ತಕ ಕೊಟ್ಟಳೇನೇ ಇವಳು?’ ಎಂದು ಅತ್ತೆ ಅವಳನ್ನೇ ಕೇಳಿದರು.

‘ಕೊಟ್ಟಳಂತೆ ಅಮ್ಮಾ’ ಎಂದಳು ದೇವಿ. ಆಮೇಲೆ ನನ್ನ ಕಡೆ ತಿರುಗದೆಯೇ, ‘ಬಿಳಿಕೆರೆ ಕಡೆಯ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಸ್ವಲ್ಪ ದಿನ ಗಂಡು ನೋಡೋದು ನಿಲ್ಲಿಸಿದ್ದಾರೆ. ಏನು ಬರೆದಿದ್ದೀಯ, ತಾ ನೋಡೋಣ’ ಎಂದಳು.

ಸಂಶೋಧನೆಗೆಂದು ಕೋಟೆಯ ನೀರಬಾಗಿಲಿನ ಕುರಿತು ನಾನು ಆರು ಪುಟ ಬರೆದಿದ್ದೆ. ತಂದುಕೊಟ್ಟೆ. ಜಗುಲಿಯ ಮೇಲೆ ಕೂತು ಮೊದಲ ಪುಟ ಓದಿದಳು. ಎರಡನೆಯದರಲ್ಲಿ ನಿಂತಳು.

‘“ಮೆಟ್ಟಿಲುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ” ಅಂತೀಯ. ಯಾವಾಗ ಪರೀಕ್ಷಿಸಿದೆ? ಅವತ್ತು ನೀನು ಒಂದು ಕಡೆ ನಿಂತಿದ್ದರೆ ತಾನೆ! ನಾನು ನೋಡಿದೆ. ಮೇಲಿನ ಮೆಟ್ಟಿಲು ಆಮೇಲೆ ಹಾಕಿದ್ದು, ಕಲ್ಲೇ ಬೇರೆ.’

‘ಹೊಡೆದುಹಾಕು’ ಎಂದೆ.

ಅವಳು ಆ ಸಾಲಿನ ಮೇಲೆ ಗೆರೆ ಎಳೆದಳು. ಅದರ ಕೆಳಗಿನದರ ಮೇಲೂ ಎಳೆದಳು. ಮುಂದಿನ ಪುಟದಲ್ಲಿ ಅರ್ಧ ಭಾಗ ಹೋಯಿತು. ಪೆನ್ಸಿಲಿನ ಮೊನೆ ಮುರಿಯಿತು. ನಾನು ಒಳಗೆ ಹೋಗಿ ಅದನ್ನು ಚೂಪುಮಾಡಿ ತಂದುಕೊಟ್ಟು, ಅವಳ ಪಕ್ಕದಲ್ಲಿ ಕೂತೆ. ಆರನೆಯ ಪುಟ ಮುಗಿಯುವವರೆಗೂ ಏಳಲಿಲ್ಲ.